ಹುಲಿಗಿಯ ಹಣೆಯ ಚುಕ್ಕೆ

ಈ ಕೆಲಸಕ್ಕೆ ಹೊಸದಾಗಿ ಬರುವವರು ಯಾರೂ ಈಗ ಕುಂಚ ಹಿಡಿಯುವುದಿಲ್ಲ ಎಂದು ನನಗೆ ಗೊತ್ತು. ಶಹಾಪುರದ ಬಸ್ ನಿಲ್ದಾಣದ ಸುತ್ತ ನಾಲ್ಕಾರು ಫ್ಲೆಕ್ಸ್ ಅಂಗಡಿಗಳಿವೆ. ತೀರಿಕೊಂಡವರ ಫೋಟೋ ಮೊಬೈಲಿನಲ್ಲಿ ತಂದು ಕೊಟ್ಟರೆ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಆಳೆತ್ತರದ ಬ್ಯಾನರ್ ಕೈಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಹರಿದ ಫೋಟೋ ಕೂಡಿಸುತ್ತಾರೆ, ಬನಿಯನ್ ಮೇಲಿದ್ದವನಿಗೆ ಕೋಟು ತೊಡಿಸುತ್ತಾರೆ, ಕಣ್ಣು ಮುಚ್ಚಿದವನ ಕಣ್ಣು ತೆರೆಸುತ್ತಾರೆ. ಹೊಟ್ಟೆಕಿಚ್ಚಿನಿಂದ ಇದನ್ನು ಬರೆಯುತ್ತಿಲ್ಲ. ಸ್ವಲ್ಪ ಇದ್ದರೂ ಇರಬಹುದು, ಅದನ್ನು ಮುಚ್ಚಿಡುವ ವಯಸ್ಸಲ್ಲ ನನ್ನದು. ನಾವು ಕುಂಚದಲ್ಲಿ ಮಾಡುತ್ತಿದ್ದುದನ್ನೇ ನೀವು ಮೌಸ್ ಹಿಡಿದು ಮಾಡುತ್ತೀರಿ. ಹಾಗಾಗಿ ನಾವು ಮಾಡಿದ ತಪ್ಪನ್ನೂ ಮಾಡುತ್ತೀರಿ, ಅದೂ ನಮಗಿಂತ ಬೇಗ. ಅದಕ್ಕೇ ಈ ನಾಲ್ಕು ಮಾತು.

ಸುರಪುರದ ಪೇಟೆಯಲ್ಲಿ ಮೂವತ್ತೆಂಟು ವರ್ಷ ನನ್ನ ಅಂಗಡಿ ಇತ್ತು. ಗೊಬ್ಬರದಂಗಡಿಯ ಬೋರ್ಡು, ಲಾರಿಯ ಹಿಂಬದಿ, ಚುನಾವಣೆ ಬಂದರೆ ಗೋಡೆ, ಜೂನ್ ಬಂದರೆ ಶಾಲೆಯ ನಕಾಶೆ. ಅನ್ನ ಹಾಕಿದ್ದು ಇವೇ. ಆದರೆ ಜನ ನನ್ನನ್ನು ಗುರುತಿಸಿದ್ದು ಸತ್ತವರ ಮುಖಗಳಿಂದ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ದಿನಕರ್ಮಗಳು ಮುಗಿದ ಮೇಲೆ ಒಬ್ಬರು ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಕೈಯಲ್ಲಿ ಉಗುರಿನಷ್ಟು ಮುಖವಿರುವ ಒಂದು ಚುನಾವಣಾ ಗುರುತಿನ ಚೀಟಿ, ಇಲ್ಲವೆ ಯಾರದೋ ಮದುವೆಯ ಗುಂಪಿನಲ್ಲಿ ಯಾರದೋ ಹೆಗಲ ಹಿಂದಿನಿಂದ ಇಣುಕುವ ಅರ್ಧ ಮುಖ. ಅದನ್ನು ದೊಡ್ಡದು ಮಾಡಿ ಬಣ್ಣ ತುಂಬಿ ಕೊಡಬೇಕು. ನಗುವ ಮುಖ ತಂದು ಅಳುತ್ತ ಮಾತಾಡುವ ಗಿರಾಕಿಗಳ ನಡುವೆಯೇ ನನ್ನ ಪ್ರಾಯ ಕಳೆಯಿತು.

ನನಗೆ ಕೆಲಸ ಕಲಿಸಿದವರು ಮಾನಪ್ಪ ಮಾಸ್ತರು. ಒಳ್ಳೆಯ ಕೈ, ಕೆಟ್ಟ ಬಾಯಿ. ಗೆರೆ ಸೊಟ್ಟಾದರೆ ಕುಂಚ ಕಸಿದು ಬೀದಿಗೆ ಎಸೆಯುತ್ತಿದ್ದರು. ನಾನು ಹೋಗಿ ಆರಿಸಿಕೊಂಡು ತೊಳೆದು ಮತ್ತೆ ಕೂಡಬೇಕು. ಅವರ ಪದ್ಧತಿ ಹೀಗಿತ್ತು. ಚಿಕ್ಕ ಫೋಟೋದ ಮೇಲೆ ಪೆನ್ಸಿಲಿನಿಂದ ಚೌಕ ಹಾಕುವುದು, ಹಲಗೆಯ ಮೇಲೆ ಅಷ್ಟೇ ಚೌಕ ದೊಡ್ಡದಾಗಿ ಹಾಕುವುದು, ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನಷ್ಟೇ ಇಳಿಸುವುದು. ಎಲ್ಲಕ್ಕೂ ಮೊದಲು ಬೈತಲೆಯಿಂದ ಮೂಗಿನ ತುದಿ ಹಾಯ್ದು ಗದ್ದದವರೆಗೆ ಒಂದು ನೇರ ಗೆರೆ. ಅದಕ್ಕೆ ಅವರು ಸೂತ್ರ ಎನ್ನುತ್ತಿದ್ದರು. ಕುಂಕುಮ, ವಿಭೂತಿ, ಬೊಟ್ಟು ಏನೇ ಇರಲಿ, ಸೂತ್ರದ ಮೇಲೇ ಕೂಡಬೇಕು. ಅವರ ಇನ್ನೊಂದು ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ.

“ಗೋಡಿ ಏರೋ ಮುಖದಾಗ ಕುಂದು ಇರಬಾರ್ದು. ಇದ್ದಾಗ ಹೆಂಗರ ಇದ್ದಿರಲಿ, ಸತ್ತ ಮ್ಯಾಲ ಚಂದ ಇರಬೇಕು.”

ಹಾಗಾಗಿ ನಾವು ಸಿಡುಬಿನ ಕಲೆ ತುಂಬಿದೆವು, ಮೆಳ್ಳಗಣ್ಣು ತಿದ್ದಿದೆವು, ಮುರಿದ ಹಲ್ಲು ಕಟ್ಟಿದೆವು, ಕಪ್ಪು ಮೈಯವರನ್ನೆಲ್ಲ ಗೋಧಿ ಬಣ್ಣಕ್ಕೆ ತಂದೆವು. ಬಿಸಿಲಲ್ಲಿ ಬೆಂದ ನಮ್ಮ ಸೀಮೆಯ ಜನ ಸತ್ತ ಮೇಲಾದರೂ ನೆರಳಲ್ಲಿ ಕೂತವರಂತೆ ಕಾಣುತ್ತಿದ್ದರು. ಗಿರಾಕಿಗಳು ಒಬ್ಬರೂ ತಕರಾರು ಮಾಡಲಿಲ್ಲ. ಇಲ್ಲೇ ಎಚ್ಚರಾಗಬೇಕಿತ್ತು ನಾನು, ಆಗಲಿಲ್ಲ.

ನಗುವಂಥ ತಪ್ಪುಗಳೂ ಆದವು. ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತರೊಬ್ಬರ ನಿವೃತ್ತಿ ಸಮಾರಂಭ. ಜೊತೆಯವರು ಅವರ ಚಿತ್ರ ಬರೆಸಿ ಕೊಡುವ ಮನಸ್ಸು ಮಾಡಿ ನನ್ನ ಬಳಿ ಬಂದರು. ಸನ್ಮಾನದ ಚಿತ್ರ, ಹಾರ ಇರಲಿ ಎಂದರು. ನಾನು ಬುದ್ಧಿ ಇಲ್ಲದವನು, ಕೈಗೆ ರೂಢಿಯಾಗಿದ್ದ ಹಾರವನ್ನೇ ಬರೆದೆ, ಚೌಕಟ್ಟಿನ ಎರಡು ಮೂಲೆಗಳಿಂದ ಇಳಿಬಿದ್ದ ಸೇವಂತಿಗೆ ಹಾರ. ಸಮಾರಂಭದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಮನೆಗೆ ಒಯ್ದರೆ ಗುಮಾಸ್ತರ ಹೆಂಡತಿ ಅದನ್ನು ನೋಡಿ ಬಾಗಿಲಲ್ಲೇ ಕುಸಿದು ಕೂತು ಅತ್ತರು. ಮರುದಿನ ಗುಮಾಸ್ತರೇ ಚಿತ್ರ ಹೊತ್ತು ಸುರಪುರಕ್ಕೆ ಬಂದರು. ನಾನು ಹಾರದ ಮೇಲೆ ಅಂಗಿಯ ಬಣ್ಣ ಬಳಿದುಕೊಟ್ಟೆ. ಹೂವಿನ ಉಬ್ಬು ಮಾತ್ರ ಅಂಗಿಯ ಕೆಳಗೆ ಉಳಿಯಿತು, ಓರೆಯಾಗಿ ನೋಡಿದರೆ ಕಾಣುತ್ತಿತ್ತು. ಅವರು ಆಮೇಲೂ ಬಹಳ ವರ್ಷ ಗಟ್ಟಿಯಾಗಿದ್ದರು, ದೇವರು ದೊಡ್ಡವನು.

ವನದುರ್ಗದ ಸಂಗತಿ ನಗುವಂಥದ್ದಲ್ಲ. ಅಲ್ಲಿ ಒಬ್ಬ ರೈತ ತೀರಿಕೊಂಡಿದ್ದ, ಒಂದೂ ಫೋಟೋ ಇರಲಿಲ್ಲ. ಇಂಥ ವೇಳೆಗೆ ಮಾಸ್ತರ ಬಳಿ ಒಂದು ಉಪಾಯವಿತ್ತು. ಮನೆಯಲ್ಲಿ ಸತ್ತವರನ್ನು ಹೋಲುವವರು ಯಾರು ಎಂದು ಕೇಳಿ ಅವರನ್ನೇ ಎದುರಿಗೆ ಕೂಡಿಸಿ ಬರೆಯುವುದು. ಮನೆಯವರು ಹೇಳಿದಂತೆ ಮೀಸೆ, ವಯಸ್ಸು, ರುಮಾಲು ಬದಲಿಸುವುದು. ಸತ್ತವನ ತಮ್ಮನನ್ನು ಕೂಡಿಸಿ ಬರೆದೆ. ಎಲ್ಲರೂ ಥೇಟ್ ಅವನೇ ಎಂದರು. ಆ ತಮ್ಮ ಮಾತ್ರ ತನ್ನದೇ ಮುಖಕ್ಕೆ ಹಾರ ಬಿದ್ದದ್ದು ನೋಡಿ, ಆ ಕೋಣೆಯಲ್ಲಿ ಊಟಕ್ಕೆ ಕೂಡುವುದನ್ನೇ ಬಿಟ್ಟ ಎಂದು ಕೇಳಿದೆ. ಮಾಸ್ತರಿಗೆ ಹೇಳಿದರೆ, ಹಸಿವಾದರೆ ತಾನೇ ಕೂಡ್ತಾನೆ ಬಿಡು ಎಂದರು.

ತಿಮ್ಮವ್ವ ಸಿಕ್ಕದ್ದು ಇದಾದ ಒಂದೆರಡು ವರ್ಷಕ್ಕೆ.

ಕೆಂಭಾವಿಯಲ್ಲಿ ಒಂದು ಬೀಜದಂಗಡಿಯ ಬೋರ್ಡು ಬರೆಯಲು ಹೋಗಿದ್ದೆ. ಸಂತೆಯ ದಿನ. ಮೊದಲ ಬಣ್ಣ ಒಣಗಲಿ ಎಂದು ಬೇವಿನ ಮರದ ನೆರಳಿಗೆ ಕೂತಿದ್ದೆ. ಎದುರಿಗೆ ಗೋಣಿತಾಟಿನ ಮೇಲೆ ಒಣಮೀನು ಹರವಿಕೊಂಡು ಒಬ್ಬ ಹೆಂಗಸು ಕೂತಿದ್ದಳು, ನಲವತ್ತೈದರ ಆಸುಪಾಸು. ಅಗಲ ಕೆನ್ನೆ, ಒಳ ಸೇರಿದ ಕಣ್ಣು, ಹುಬ್ಬುಗಳ ನಡುವೆ ಹಸಿರು ಹಚ್ಚೆಯ ಚುಕ್ಕೆ. ಗಿರಾಕಿ ಬಂದರೂ ಹೋದರೂ ಆ ಮುಖದಲ್ಲಿ ಏನೂ ಬದಲಾಗುತ್ತಿರಲಿಲ್ಲ. ಸುಮ್ಮನೆ ಕೂತರೆ ಕೈ ಜಡ್ಡುಗಟ್ಟುತ್ತದೆಂದು ನೋಟುಬುಕ್ಕು ತೆಗೆದು ಅವಳನ್ನು ಬರೆಯತೊಡಗಿದೆ. ಅವಸರದ ಗೆರೆ, ಸುಕ್ಕುಗಳನ್ನೆಲ್ಲ ಬಿಟ್ಟು ಮುಖದ ಅಳತೆಯನ್ನಷ್ಟೇ ಹಿಡಿದಿದ್ದೆ.

ಅವಳು ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಕೇಳದೆ ಬರೆದರೆ ಬೈಸಿಕೊಳ್ಳುವುದು ನ್ಯಾಯವೇ. ನೋಟುಬುಕ್ಕು ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಅಕ್ಷರ ಬಾರದವಳು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಇದು ನಾ ಅಲ್ಲ” ಎಂದಳು. “ಇದು ನನ್ನ ಮಗಳು.”

ಅವಳ ಹೆಸರು ತಿಮ್ಮವ್ವ, ಕೃಷ್ಣೆಯ ದಂಡೆಯ ಹಳ್ಳಿಯವಳು. ಗಂಡ ಬಲೆ ಬೀಸುತ್ತಿದ್ದ, ಇವಳು ಒಣಗಿಸಿ ಸಂತೆಗೆ ತರುತ್ತಿದ್ದಳು. ಒಬ್ಬಳೇ ಮಗಳು, ಹುಲಿಗೆಮ್ಮ, ಕರೆಯುವುದು ಹುಲಿಗಿ ಎಂದು. ಹದಿನಾರಕ್ಕೆ ಕಾಮಾಲೆ ಬಂದು ಎಂಟು ದಿನದಲ್ಲಿ ಹೋದಳು. ಶಾಲೆಗೆ ಹೋದವಳಲ್ಲ, ಕ್ಯಾಮರಾದ ಎದುರು ನಿಂತವಳಲ್ಲ. ಹೋಗಿ ನಾಲ್ಕು ವರ್ಷವಾಗಿತ್ತು. ಹುಲಿಗಿಗೆ ನನ್ನದೇ ಮುಖ ಇತ್ತೆಂದು ಊರವರು ಹೇಳುತ್ತಿದ್ದರು, ನನಗೆ ಕನ್ನಡಿ ನೋಡುವ ರೂಢಿಯಿಲ್ಲ, ಈಗಲೇ ಕಂಡೆ ಎಂದಳು. ದೊಡ್ಡದಾಗಿ ಬರೆದುಕೊಡುತ್ತೀರೇನು ಎಂದು ಕೇಳಿದಳು. ಬರೆಯುತ್ತೇನೆ ಎಂದೆ. ಅವಳು ಕೊಟ್ಟ ಬೆಲೆಯ ಮಾತು ಬೇಡ. ನಾನು ಆ ಮುಖಕ್ಕೆ ಸೋತಿದ್ದೆ, ಪುಕ್ಕಟೆಯಾಗಿಯೂ ಬರೆಯುತ್ತಿದ್ದೆ.

ಮುಂದಿನ ಎರಡು ಸಂತೆಗೂ ಕೆಂಭಾವಿಗೆ ಹೋದೆ. ಅವಳು ಮೀನಿನ ಮುಂದೆ ಕೂತೇ ಇರುತ್ತಿದ್ದಳು, ನಾನು ಬರೆಯುತ್ತಿದ್ದೆ. ಕೂದಲು ದಟ್ಟ ಇತ್ತು, ಕುತ್ತಿಗೆ ಉದ್ದ ಇತ್ತು ಎಂದು ಒಂದೊಂದಾಗಿ ಹೇಳುತ್ತಿದ್ದಳು. ಎರಡನೇ ಸಂತೆಯಲ್ಲಿ ಹಚ್ಚೆಯ ಮಾತು ಬಂತು. ಹುಲಿಗಿ ಐದು ವರ್ಷದವಳಿದ್ದಾಗ ಹಚ್ಚೆ ಹಾಕುವವಳು ಊರಿಗೆ ಬಂದಳಂತೆ. ತಿಮ್ಮವ್ವ ಮಗಳ ತಲೆ ಹಿಡಿದು ಕೂತಳು. ಮೊದಲ ಸೂಜಿ ಚುಚ್ಚುತ್ತಲೇ ಹುಡುಗಿ ತಲೆ ಕೊಡವಿತು. ನಡುವೆ ಬೀಳಬೇಕಾದ ಚುಕ್ಕೆ ಸರಿದು ಒಂದು ಹುಬ್ಬಿನ ಮೇಲೆ ಬಿತ್ತು. ಇನ್ನೊಂದು ಹಾಕಿಸಿಕೊಳ್ಳಲು ಹುಡುಗಿ ಸುತಾರಾಂ ಒಪ್ಪಲಿಲ್ಲ. ಮುಂದೆ ದೊಡ್ಡವಳಾದ ಮೇಲೆ ನಾಚಿಕೆಯಾಗಿ ಅದರ ಮೇಲೆ ಕೂದಲು ಎಳೆದುಕೊಳ್ಳುತ್ತಿದ್ದಳಂತೆ. ಇದನ್ನು ಹೇಳುವಾಗ ಆ ಮುಖ ಬದಲಾದದ್ದನ್ನು ಮೊದಲ ಸಲ ನೋಡಿದೆ. ತಿಮ್ಮವ್ವ ನಕ್ಕಳು.

“ನಾ ಗಟ್ಟಿ ಹಿಡೀಲಿಲ್ರಿ ಅವತ್ತು. ಇಲ್ಲಿ ಬಿತ್ತು ನೋಡ್ರಿ, ಇಲ್ಲಿ” ಎಂದು ಮುಂದಕ್ಕೆ ಬಾಗಿ ತನ್ನ ಹೆಬ್ಬೆರಳನ್ನು ನನ್ನ ಹಣೆಗೆ ಒತ್ತಿದಳು.

ಇಲ್ಲಿ ನಿಜ ಹೇಳಬೇಕು. ನಮ್ಮದು ಮೀನು ಒಲ್ಲದ ಮನೆ. ಆ ಬೆರಳು ಹಣೆಗೆ ತಾಗುತ್ತಲೇ ವಾಸನೆ ಮೂಗಿಗೆ ಬಡಿಯಿತು, ಮೀನಿನ ಮೈಯ ಒಂದು ಪೊರೆಯೂ ಅಂಟಿಕೊಂಡಿತು. ನಾನು ಹೆಗಲ ಮೇಲಿನ ಟವೆಲ್ ತೆಗೆದು ಹಣೆ ಒರೆಸಿಕೊಂಡೆ, ಅವಳ ಎದುರಿಗೇ. ಅವಳು ಕೈ ಹಿಂದಕ್ಕೆ ತೆಗೆದು ಸೀರೆಗೆ ಒರೆಸಿಕೊಂಡು ಮೀನು ಸರಿಮಾಡತೊಡಗಿದಳು. ನೋಟುಬುಕ್ಕಿನಲ್ಲಿ ಕುತ್ತಿಗೆಯ ಉದ್ದ ಬರೆದುಕೊಂಡಿದ್ದೇನೆ, ಕಿವಿಯ ಅಳತೆ ಬರೆದುಕೊಂಡಿದ್ದೇನೆ. ಚುಕ್ಕೆಯ ಜಾಗ ಬರೆದುಕೊಳ್ಳಲಿಲ್ಲ.

ಅಂಗಡಿಯಲ್ಲಿ ಹದಿನೈದು ದಿನ ಕೂತು ಬಣ್ಣ ತುಂಬಿದೆ. ನನ್ನ ಕೈಯಿಂದ ಅಷ್ಟು ಜೀವವಿರುವ ಮುಖ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಕಡೆಗೆ ಉಳಿದದ್ದು ಚುಕ್ಕೆ. ಅದು ಸರಿದು ಬಿದ್ದಿತ್ತೆಂದು ನನಗೆ ಮರೆತಿರಲಿಲ್ಲ. ಮರೆತಿದ್ದರೆ ಅದು ಬೇರೆ ಮಾತು. ಕುಂಚ ಹಸಿರಿಗೆ ಅದ್ದಿದೆ. ಸೂತ್ರದ ಗೆರೆ ಬಣ್ಣದ ಕೆಳಗಿನಿಂದ ತೆಳ್ಳಗೆ ಕಾಣುತ್ತಿತ್ತು. ಇಷ್ಟು ಚಂದದ ಮುಖದಲ್ಲಿ ಒಂದು ಸೊಟ್ಟ ಚುಕ್ಕೆ ಇಟ್ಟರೆ ನೋಡುವವರು ಪೇಂಟರನ ಕೈ ತಪ್ಪಿದೆ ಅಂದಾರು ಎನಿಸಿತು. ಹುಡುಗಿಗೂ ಅದು ನಾಚಿಕೆಯ ಚುಕ್ಕೆಯೇ ಅಲ್ಲವೆ ಎಂದು ಸಮಾಧಾನ ಹೇಳಿಕೊಂಡೆ. ನಟ್ಟನಡುವೆ ಇಟ್ಟೆ. ಮಾಸ್ತರು ಆಗ ಹಣ್ಣಾಗಿದ್ದರು, ಕೋಲೂರಿಕೊಂಡು ಬಂದು ನೋಡಿ, ಈಗ ನೀ ಪೇಂಟರ್ ಆದಿ ಎಂದರು. ಜೀವಮಾನದಲ್ಲಿ ಅವರಾಡಿದ ಒಂದೇ ಒಳ್ಳೆಯ ಮಾತು ಅದು.

ಮುಂದಿನ ಸಂತೆಗೆ ಚಿತ್ರ ಒಯ್ದೆ. ಸುತ್ತ ಕೂತ ಹೆಂಗಸರೆಲ್ಲ ಎದ್ದು ಬಂದರು. ಅವಳ ಊರಿನವರೂ ಇದ್ದರು. ಹುಲಿಗಿ ಎದ್ದು ಬಂದಂಗ ಆಗ್ಯದ ಎಂದು ಸೆರಗು ಬಾಯಿಗೆ ಹಚ್ಚಿದರು. ತಿಮ್ಮವ್ವನ ಬೆರಳು ಚಿತ್ರದ ಹಣೆಯ ಚುಕ್ಕೆಯ ಹತ್ತಿರ ಹೋಯಿತು, ಮುಟ್ಟಲಿಲ್ಲ. ನನ್ನ ಮುಖ ನೋಡಿದಳು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

“ಚಂದ ಆಗ್ಯಾಳ” ಎಂದಳು.

ಸೀರೆಯ ತುಂಡಿನಲ್ಲಿ ಸುತ್ತಿ ಪಕ್ಕದಲ್ಲಿಟ್ಟುಕೊಂಡು ಮತ್ತೆ ಮೀನು ಮಾರಲು ಕೂತಳು. ನಾನು ಬೀಗುತ್ತ ಬಸ್ಸು ಹತ್ತಿದೆ.

ಆಮೇಲೆ ಬಂದ ಬದಲಾವಣೆಗಳು ನಿಮಗೆ ಗೊತ್ತಿರುವಂಥವೇ. ಮೊದಲು ಜೆರಾಕ್ಸ್ ಬಂತು, ಆಮೇಲೆ ಕಲರ್ ಲ್ಯಾಬು, ಆಮೇಲೆ ಫ್ಲೆಕ್ಸ್. ಈಗ ಕಡೇಚೂರಿನ ಕಾರ್ಖಾನೆಗೆ ದುಡಿಯಲು ಬಂದ ಹುಡುಗ ಸತ್ತರೂ ಅವನ ಫೋನಿನಲ್ಲೇ ನೂರು ಮುಖಗಳು ಇರುತ್ತವೆ. ಮುಖವಿಲ್ಲದೆ ಸಾಯುವವರು ಯಾರೂ ಉಳಿಯಲಿಲ್ಲ, ನನಗೆ ಕೆಲಸವೂ ಉಳಿಯಲಿಲ್ಲ. ಅಂಗಡಿ ಬಿಟ್ಟುಕೊಟ್ಟು ಮನೆಯಲ್ಲಿ ಕೂತೆ. ಬಣ್ಣದ ಡಬ್ಬಿಗಳ ಮುಚ್ಚಳಗಳು ಅಂಟಿಕೊಂಡು ಹೋದವು.

ಕಳೆದ ವರ್ಷ ಒಂದು ಮಧ್ಯಾಹ್ನ ಮನೆಯ ಬಾಗಿಲಿಗೆ ಒಬ್ಬ ಮುದುಕಿ ಬಂದಳು. ಕಂಕುಳಲ್ಲಿ ಸೀರೆಯ ತುಂಡಿನಲ್ಲಿ ಸುತ್ತಿದ ಹಲಗೆ. ಪೇಟೆಯಲ್ಲಿ ಕೇಳಿಕೊಂಡು, ಅಂಗಡಿ ಮುಚ್ಚಿದೆ ಎಂದು ತಿಳಿದು, ಮತ್ತೆ ಕೇಳಿಕೊಂಡು ಬಂದಿದ್ದಳು. ಹಲಗೆ ಬಿಚ್ಚುವವರೆಗೆ ನನಗೆ ಗುರುತು ಸಿಗಲಿಲ್ಲ. ಬಿಚ್ಚಿದ ಮೇಲೆ ಮಗಳ ಮುಖದಿಂದ ತಾಯಿಯನ್ನು ಗುರುತಿಸಿದೆ. ಪಡಸಾಲೆಯಲ್ಲಿ ಕೂಡಿಸಿದೆ, ನನ್ನ ಹೆಂಡತಿ ಚಹಾ ತಂದಿಟ್ಟಳು. ಇಪ್ಪತ್ತೈದು ವರ್ಷಗಳಲ್ಲಿ ಅವಳ ಗಂಡ ಹೋಗಿದ್ದ, ಅವಳ ಮನೆಯಲ್ಲೇ ಇದ್ದ ಅಕ್ಕನೂ ಹೋಗಿದ್ದಳು. ಬಣ್ಣ ಮಾಸಿದೆ, ತಿದ್ದಿಸಲು ಬಂದಿರಬೇಕು ಎಂದುಕೊಂಡು, ಈಗ ನನ್ನ ಕೈ ನಡುಗುತ್ತದೆ ಎಂದು ಮೊದಲೇ ಹೇಳಿದೆ.

ಅವಳು ಬಂದದ್ದು ಅದಕ್ಕಲ್ಲ.

“ಯಪ್ಪಾ, ಒಂದು ಕೇಳಾಕ ಬಂದೀನಿ” ಎಂದಳು. “ಮೊದಲ ನಾ ಕಣ್ಣು ಮುಚ್ಚಿದ್ರ ಆಕಿ ಬರ್ತಿದ್ಲು. ಕೂದಲಾ ಎಳಕೋತಾ ಬರ್ತಿದ್ಲು. ದಿನಾ ಇದನ್ನ ನೋಡಿ ನೋಡಿ, ಈಗ ಕಣ್ಣು ಮುಚ್ಚಿದ್ರ ಇದಾ ಬರ್ತದ. ಚುಕ್ಕಿ ಯಾವ ಹುಬ್ಬಿನ ಮ್ಯಾಲ ಇತ್ತಂತ ನನಗ ನೆನಪಾಗವಲ್ದು.”

ಊರಲ್ಲಿ ಕೇಳಿದಳಂತೆ. ಹುಲಿಗಿಯ ಜೊತೆ ಆಡಿದವರನ್ನೂ ಕೇಳಿದಳಂತೆ. ಎಲ್ಲರೂ ಗೋಡೆಯ ಚಿತ್ರ ನೋಡಿದವರೇ, ಎಲ್ಲರೂ ನಡುವೆ ಇತ್ತು ಎಂದರಂತೆ. ಸರಿದು ಬಿದ್ದಿತ್ತು ಎಂದರೆ, ಮುದುಕಿಗೆ ಅರಳು ಮರುಳು ಎಂದು ನಕ್ಕರಂತೆ.

“ನಿಮ್ಮ ಹಣಿ ಮುಟ್ಟಿ ತೋರ್ಸಿದ್ದೆ. ಯಾವ ಕಡಿ ಮುಟ್ಟಿದ್ದೆ, ಹೇಳ್ರಿ.”

ನನಗೆ ಗೊತ್ತಿರಲಿಲ್ಲ. ಆ ವಾಸನೆ ನೆನಪಿದೆ, ಬೆರಳಿನ ಒರಟು ನೆನಪಿದೆ, ಟವೆಲ್ಲಿನ ಕೆಂಪು ಅಂಚು ಕೂಡ ನೆನಪಿದೆ. ಕಡೆ ನೆನಪಿಲ್ಲ. ಹಳೆಯ ನೋಟುಬುಕ್ಕು ಹುಡುಕುವ ನೆಪದಲ್ಲಿ ಒಳಗೆ ಹೋಗಿ ಹಣೆ ಮುಟ್ಟಿಕೊಂಡು ನಿಂತೆ. ಈ ಜಗತ್ತಿನಲ್ಲಿ ಅವಳು ಆ ಗುಟ್ಟು ಇಟ್ಟಿದ್ದ ಒಂದೇ ಜಾಗ ನನ್ನ ಹಣೆ. ನಾನು ಅದನ್ನು ಅವಳೆದುರಿಗೇ ಒರೆಸಿ ಹಾಕಿದ್ದೆ. ಹೊರಗೆ ಬಂದು, ಬಸ್ಸಿನ ಧೂಳು ಮೆತ್ತಿದ ಅವಳ ಕಾಲು ನೋಡಿ, ಇಷ್ಟು ದೂರ ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದು ಎನಿಸಿತು.

“ಎಡಕ್ಕ, ಯವ್ವಾ” ಎಂದೆ.

ಅವಳ ಮುಖ ಒಂದು ಗಳಿಗೆ ಸಡಿಲವಾಯಿತು. ಆಮೇಲೆ, ಬೆರಳಿಟ್ಟು ತೋರಿಸ್ರಿ ಎಂದಳು. ನನ್ನ ಬೆರಳು ಹಣೆಗೆ ಏರಿತು. ಎಡ ಹುಬ್ಬಿನ ಮೇಲೆ ಇಟ್ಟೆ, ಅಲ್ಲಿಂದ ಸ್ವಲ್ಪ ಮೇಲಕ್ಕೆ ಸರಿಸಿದೆ, ಮತ್ತೆ ಒಳಕ್ಕೆ ತಂದೆ. ನಲವತ್ತು ವರ್ಷ ಮುಖ ನೋಡಿ ಬದುಕಿದವನು ನಾನು. ಆ ದಿನ ಅವಳು ನನ್ನ ಮುಖವನ್ನು ನೋಡಿದಳು.

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ, ಯಪ್ಪಾ. ಒಂದ್ಸಲ ಚಂದ ಮಾಡಿ ಕೊಟ್ರಿ, ಸಾಕು.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಗೊತ್ತಿಲ್ಲ ಎಂದೆ. ಬರೆದುಕೊಳ್ಳಲಿಲ್ಲ, ತಪ್ಪಾಯಿತು ಎಂದೆ. ನೆನಪಿದ್ದೇ ನಡುವೆ ಇಟ್ಟೆ ಎಂಬುದನ್ನೂ ಹೇಳಿದೆ. ಅವಳು, ಅದು ನನಗೆ ಅವತ್ತೇ ಗೊತ್ತಾಗಿತ್ತು, ಮಂದಿ ಎದುರಿಗೆ ನಿಮ್ಮ ಹೆಸರು ಕೆಡಿಸಬಾರದೆಂದು ಸುಮ್ಮನಿದ್ದೆ ಎಂದಳು. ಆಗಲೇ ಹೇಳಿದ್ದರೆ ಸರಿಪಡಿಸುತ್ತಿದ್ದೆ ಎನ್ನಲು ಬಾಯಿ ತೆರೆದೆ. ನನ್ನ ಟವೆಲ್ ನೆನಪಾಗಿ ಬಾಯಿ ಮುಚ್ಚಿದೆ. ಒಮ್ಮೆ ಕೈ ಒರೆಸಿಕೊಂಡವಳು ಎರಡನೇ ಸಲ ನನ್ನ ಹಣೆ ಮುಟ್ಟುತ್ತಿದ್ದಳೇನು?

ಅವಳು ಹಲಗೆಯನ್ನು ನನ್ನತ್ತ ತಿರುಗಿಸಿ, ಹಂಗಾದರೆ ಇದನ್ನು ತೆಗೆದುಬಿಡಿ ಎಂದಳು, ಚುಕ್ಕೆ ತೋರಿಸಿ.

ಟರ್ಪೆಂಟೈನ್ ಹಚ್ಚಿದರೆ ಬಿಡಲಿಲ್ಲ, ಬಣ್ಣ ಕಲ್ಲಾಗಿತ್ತು. ಗಡ್ಡ ಕೆರೆಯುವ ಬ್ಲೇಡು ತಂದೆ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು, ಹುಡುಗಿಯ ಹಣೆಯನ್ನು ಕೆರೆದೆ. ತಿಮ್ಮವ್ವ ಹಲಗೆ ಅಲುಗದಂತೆ ಎರಡೂ ಕಡೆ ಒತ್ತಿ ಹಿಡಿದು ಕೂತಿದ್ದಳು. ಹಸಿರು ಹೋಯಿತು, ಅದರ ಜೊತೆ ಮೈಬಣ್ಣವೂ ಎದ್ದುಬಂತು, ಹಲಗೆಗೆ ಮೊದಲು ಬಳಿದಿದ್ದ ಬಿಳಿ ಲೇಪ ಕಂಡಿತು. ಅಲ್ಲಿ ಗಾಯದಂಥ ಒಂದು ಗುರುತು ಉಳಿಯಿತು. ಬಣ್ಣ ಕೂಡಿಸಿ ಅದನ್ನು ಮುಚ್ಚಿಕೊಡುತ್ತೇನೆ ಎಂದೆ. ಕೈ ಆಗಲೇ ಡಬ್ಬಿಯ ಕಡೆಗೆ ಹೋಗಿತ್ತು, ಹಾಳು ರೂಢಿ.

“ಮುಚ್ಚಬ್ಯಾಡ್ರಿ. ಇರಲಿ” ಎಂದಳು. “ಇಲ್ಲಿ ಇರಲಿಲ್ಲ ಅನ್ನೋದಾದ್ರೂ ಗೊತ್ತಾಗ್ತದ.”

ಸಂಜೆಯ ಬಸ್ಸಿಗೆ ಕೂಡಿಸಿ ಬಂದೆ. ಚಿತ್ರವನ್ನು ತೊಡೆಯ ಮೇಲೆ, ಮುಖ ತನ್ನ ಕಡೆಗೆ ಮಾಡಿ ಇಟ್ಟುಕೊಂಡಿದ್ದಳು. ಅದಾಗಿ ವರ್ಷ ಆಯಿತು. ಅವಳು ಇದ್ದಾಳೋ ಇಲ್ಲವೋ ತಿಳಿಯದು, ಹೋಗಿ ನೋಡುವ ಧೈರ್ಯ ನನಗಿಲ್ಲ.

ನೀವು ಫೋಟೋ ತಿದ್ದುವಾಗ ಮನೆಯವರನ್ನು ಕೂಡಿಸಿಕೊಂಡು ಕೇಳಿರಿ, ಅವರು ಹೇಳಿದ್ದನ್ನು ಬರೆದಿಡಿರಿ. ಕಲೆ, ಮೆಳ್ಳಗಣ್ಣು, ಸೊಟ್ಟ ಹಲ್ಲು, ಯಾವುದನ್ನೂ ಅವರು ತೆಗೆಯಿರಿ ಎನ್ನುವವರೆಗೆ ಮುಟ್ಟಬೇಡಿರಿ. ಮುಟ್ಟಿದರೆ ಯಾರೂ ಬೈಯುವುದಿಲ್ಲ, ಚಂದ ಆಗ್ಯದ ಎಂದು ಹೇಳಿ ಒಯ್ಯುತ್ತಾರೆ. ನನಗೆ ಹೇಳಲು ಇರುವುದು ಇಷ್ಟೇ. ಬೆಳಿಗ್ಗೆ ಗಡ್ಡ ಮಾಡಿಕೊಳ್ಳಲು ಕನ್ನಡಿ ಮುಂದೆ ಕೂತರೆ ಬ್ಲೇಡು ಹಿಡಿದ ಕೈ ನಿಲ್ಲುತ್ತದೆ. ಒಂದು ಹುಬ್ಬಿನ ಮೇಲೆ ಹೆಬ್ಬೆರಳು ಒತ್ತಿ ನೋಡುತ್ತೇನೆ, ಆಮೇಲೆ ಇನ್ನೊಂದರ ಮೇಲೆ. ಎರಡೂ ಕಡೆ ಒಂದೇ ಥರ ಇರುತ್ತದೆ.